ಎದೆಕವಚಕ್ಕೆ ಎರಡು ಸೂಜಿ

ಕುರುಗೋಡಿನ ಸಮುದಾಯ ಭವನದಲ್ಲಿ ಅಂದು ನಾಟಕದ ತಾಲೀಮು ನಡೆದಿತ್ತು. ಸೇನಾಪತಿ ಶತ್ರುವಿನ ಏಟು ತಿಂದು ಮೊಣಕಾಲೂರಿ ಬಿದ್ದು ಮತ್ತೆ ಎದ್ದು ನಿಲ್ಲುವ ದೃಶ್ಯ. ಆಕೆ ಬಿದ್ದಳು. ಹಿಂದೆಯೇ ಚರ್ರನೆ ಸದ್ದಾಯಿತು. ನಾನು ಗೋಡೆಗೆ ಒರಗಿ ಕುಳಿತು ಪೇಟಕ್ಕೆ ಜರಿಯಂಚು ಹಚ್ಚುತ್ತಿದ್ದೆ. ಬಟ್ಟೆ ಹರಿದರೆ ನನಗೆ ತಲೆ ಎತ್ತದೆಯೇ ಗೊತ್ತಾಗುತ್ತದೆ, ಯಾವ ಬಟ್ಟೆ ಎಂಬುದೂ ಗೊತ್ತಾಗುತ್ತದೆ. ಇದು ಬಟ್ಟೆಯ ಸದ್ದಾಗಿರಲಿಲ್ಲ. ಪೇಟವನ್ನು ಅಲ್ಲೇ ಬಿಟ್ಟು ಓಡಿದೆ.

ನಾನು ಮಾಡಿಕೊಟ್ಟಿದ್ದ ಚರ್ಮದ ಎದೆಕವಚದ ಎಡಭುಜದ ಪಟ್ಟಿ ಬುಡದಿಂದ ಕಿತ್ತು ಜೋತುಬಿದ್ದಿತ್ತು. ದಾರ ಗಟ್ಟಿಯಾಗಿಯೇ ಇತ್ತು. ಹರಿದದ್ದು ಚರ್ಮ. ಮಷಿನ್ನಿನ ಸೂಜಿ ಹೊಡೆದ ತೂತುಗಳ ಗುಂಟ, ಅಂಚೆಚೀಟಿ ಹರಿದಷ್ಟು ನೀಟಾಗಿ ಹರಿದಿತ್ತು.

ನಿರ್ದೇಶಕರು ಬಂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದು ಆಗಂಗಿಲ್ರಿ ಅಕ್ಕಾರ. ರೆಗ್ಝಿನ್ ತಗೊಳ್ರಿ, ಒಳಗ ಫೋಮ್ ಹಾಕಿ ಹೊಲದು ಮ್ಯಾಲೆ ಬಣ್ಣಾ ಹಚ್ರಿ. ಮಂದಿ ದೂರ ಕುಂತಿರ್ತಾರ, ಅವ್ರಿಗೇನು ಗೊತ್ತಾಗ್ತೈತಿ?"

 ಉತ್ತರ ಕೊಟ್ಟದ್ದು ಸೇನಾಪತಿ. ಕೂತಲ್ಲಿಂದಲೇ ಹೇಳಿದಳು, "ಸರ್, ರೆಗ್ಝಿನ್ ಬ್ಯಾಡ್ರಿ. ಇದು ಮೈಮ್ಯಾಲೆ ಬಂದ್ರ ನನಗ ನಿಂದ್ರಾಕ ಬರ್ತೈತಿ. ಫೋಮ್ ಹಾಕ್ಕೊಂಡು ನಿಂತ್ರ ನಾ ದಿಂಬಿನಂಗ ಕಾಣ್ತೀನಿ."

ಎಲ್ಲರೂ ನಕ್ಕರು. ನಿರ್ದೇಶಕರೂ ನಕ್ಕರು. ನಕ್ಕದ್ದರಿಂದಲೇ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಸಿರುಗುಪ್ಪದ ಪ್ರದರ್ಶನಕ್ಕೆ ಮುಂಚೆ ಇನ್ನೊಂದು ಪೂರ್ತಿ ತಾಲೀಮಿತ್ತು. ಅಷ್ಟರೊಳಗೆ ಚರ್ಮದ್ದೇ ಗಟ್ಟಿಯಾದ ಕವಚ ತಂದರೆ ಸರಿ, ಇಲ್ಲದಿದ್ದರೆ ರೆಗ್ಝಿನ್ ಎಂದು ಮಾತಾಯಿತು.

ಆಕೆಯ ಹೆಸರು ಇಲ್ಲಿ ಬೇಡ, ಸೇನಾಪತಿ ಎಂದೇ ಕರೆಯುತ್ತೇನೆ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿ ಚೀಲ ತುಂಬುವ ಕೆಲಸ. ಬಯಲಾಟದ ಧಾಟಿಯ ಆ ಹೊಸ ನಾಟಕದಲ್ಲಿ ಮೊದಲು ಮೇಳದ ಹಾಡಿಗೆಂದು ಬಂದವಳು. ಸೇನಾಪತಿಯ ಪಾತ್ರದ ಗಂಡಸು ಕೈಕೊಟ್ಟ ಮೇಲೆ ಆ ಮಾತುಗಳನ್ನೆಲ್ಲ ಈಕೆ ಹಾಡಿನ ಸಾಲಿನಲ್ಲಿ ಕೂತೇ ಬಾಯಿಪಾಠ ಮಾಡಿಕೊಂಡಿದ್ದಳು ಎಂದು ಗೊತ್ತಾಯಿತು. ನಿರ್ದೇಶಕರು ಪಾತ್ರವನ್ನೇ ಹೆಣ್ಣಾಗಿ ತಿದ್ದಿದರು. ನನ್ನ ಹತ್ತಿರ ಬಂದದ್ದು ಅಳತೆಗೆಂದು ಆಕೆ ಕೊಟ್ಟು ಕಳಿಸಿದ ಒಂದು ಹಳೆಯ ಕುಬಸ. ಆ ಅಳತೆಯ ಮೇಲೆ ಕವಚ ಕತ್ತರಿಸಿದ್ದೆ.

ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕವಚ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಹೆಂಗಸು ಇದೇನೆಂದು ಕೇಳಿದಳು. ನಾಟಕದ್ದು ಎಂದೆ. "ಹರದೈತಲ್ಲ" ಎಂದಳು. ಆಮೇಲೆ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಪಾರ್ವತಿನಗರದ ನನ್ನ ಕೋಣೆಯಲ್ಲಿರುವುದು ಜೀನ್ಸ್ ಹೊಲಿಯುವ ಮಷಿನ್ನು. ಜೀನ್ಸ್ ಹೊಲಿದೇ ಬದುಕುವ ಈ ಊರಿನಲ್ಲಿ ಅದರ ಮೇಲೆ ಎಲ್ಲರಿಗೂ ನಂಬಿಕೆ. ನಾಲ್ಕು ಪದರ ಡೆನಿಮ್ಮನ್ನು ಹಪ್ಪಳದಂತೆ ಚುಚ್ಚುವ ಮಷಿನ್ನಿಗೆ ಎಮ್ಮೆ ಚರ್ಮ ಯಾವ ಲೆಕ್ಕ ಎಂದುಕೊಂಡಿದ್ದೆ. ಚುಚ್ಚುವುದೇನೋ ಚುಚ್ಚಿತ್ತು. ಆದರೆ ಡೆನಿಮ್ಮಿನಲ್ಲಿ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ, ಸೂಜಿ ಹೊರಬಂದ ಮೇಲೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಚರ್ಮದಲ್ಲಿ ಎಳೆಗಳಿಲ್ಲ. ಒಮ್ಮೆ ಆದ ತೂತು ಎಂದೆಂದಿಗೂ ತೂತೇ. ಒತ್ತಾಗಿ ಹೊಲಿದಷ್ಟೂ ಗಟ್ಟಿ ಎಂಬುದು ನನ್ನ ಕೈಗೆ ಅಂಟಿದ ರೂಢಿ. ಇಲ್ಲಿ ಒತ್ತಾಗಿ ಹೊಲಿದಷ್ಟೂ ಹರಿಯಲು ದಾರಿ ಮಾಡಿಕೊಟ್ಟಂತಾಗಿತ್ತು.

ಹಾಗಾದರೆ ಕೈಹೊಲಿಗೆ. ಆದರೆ ಯಾವುದರಿಂದ? ಅಂದಿನಿಂದ ನನಗೆ ನೆಟ್ಟಗೆ ಕೂರಲು ಆಗಲಿಲ್ಲ. ಅನ್ನಕ್ಕಿಟ್ಟು ಮರೆಯುತ್ತಿದ್ದೆ, ಕುದಿಯುವ ಸದ್ದಿಗೆ ಎದ್ದು ಹೋಗುತ್ತಿದ್ದೆ, ಬಂದು ಮತ್ತೆ ಅದೇ ಹರಿದ ಅಂಚನ್ನು ಹಿಡಿದು ನೋಡುತ್ತಿದ್ದೆ.

ಮೊದಲು ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿದೆ. ಚೆಂದದ ಪೆಟ್ಟಿಗೆ. ಅದರಲ್ಲಿ ಬಾಚಣಿಕೆಯಂತೆ ಹಲ್ಲುಗಳಿರುವ ಉಳಿಗಳು. ಚರ್ಮದ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಒಂದೇ ಸಲಕ್ಕೆ ಸಾಲು ತೂತು ಬೀಳುತ್ತವೆ, ಒಂದಕ್ಕೊಂದು ಸಮ. ಖುಷಿಯಾಯಿತು. ಉಳಿದ ಚರ್ಮದ ಎರಡು ಪಟ್ಟಿ ಕತ್ತರಿಸಿ, ತೂತು ಹೊಡೆದು, ಹೊಲಿದು ನೋಡಿದೆ. ಹೊಲಿಗೆ ಅಂಗಡಿಯ ಬೆಲ್ಟಿನಂತೆ ಕಂಡಿತು. ಆ ಪಟ್ಟಿಯನ್ನು ಬಾಗಿಲ ಮೇಲಿನ ಕೊಂಡಿಗೆ ಕಟ್ಟಿ, ಕೆಳಗೆ ನೀರು ತುಂಬಿದ ಕೊಡ ತೂಗುಬಿಟ್ಟೆ. ಮೊದಲು ಸುಮ್ಮನಿತ್ತು. ಕೊಡವನ್ನು ಸ್ವಲ್ಪ ಎತ್ತಿ ಬಿಟ್ಟೆ, ಮನುಷ್ಯರು ಬಿದ್ದಾಗ ಜಗ್ಗುವ ಹಾಗೆ. ಎರಡನೆಯ ಸಲಕ್ಕೆ ಕೊಡ ನೆಲಕ್ಕೆ ಬಿತ್ತು, ನೀರು ಕೋಣೆಯ ತುಂಬ. ಆ ಹಲ್ಲುಗಳು ತೆಳುವಾದ ಪರ್ಸು, ಚೀಲಗಳಿಗೆ ಮಾಡಿದವು. ಕವಚದ ದಪ್ಪ ಚರ್ಮದಲ್ಲಿ ಅವು ಮಷಿನ್ನು ಮಾಡಿದ್ದನ್ನೇ ಇನ್ನೂ ಅಂದವಾಗಿ ಮಾಡಿದ್ದವು.

ನೀರು ಒರೆಸಿ, ಮನೆಗೆ ಬೀಗ ಹಾಕಿ ಹೊರಟೆ. ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಚಾಚಾ ಕೂರುತ್ತಿದ್ದರು. ಒಂದು ಕಾಲಕ್ಕೆ ಜಟಕಾ ಕುದುರೆಗಳ ಲಗಾಮು, ಜೀನು ಹೊಲಿಯುತ್ತಿದ್ದವರು. ಜಟಕಾಗಳು ಹೋದ ಮೇಲೆ ಬೆಲ್ಟು, ಶಾಲೆಯ ಚೀಲ, ಸೂಟ್‌ಕೇಸಿನ ಹಿಡಿ ರಿಪೇರಿ. ಕವಚವನ್ನು ಕಂಡು ಅವರ ಮುಖ ಅರಳಿತು.

"ಹೌದೇನ್ ಬೇಟಿ! ಭಾಳ ದಿನಕ್ಕ ಛಲೋ ಚಮಡಾ ನೋಡಿದೆ. ಕೊಡಿಲ್ಲಿ. ನೀ ಒಂದು ಚಾ ಕುಡಿದು ಬರೋದ್ರಾಗ ಹೊಲ್ದು ಬಿಸಾಕ್ತೀನಿ."

"ಕವಚ ಬ್ಯಾಡ ಚಾಚಾ, ಮೊದಲು ಈ ತುಂಡು ಹೊಲ್ದು ತೋರಸ್ರಿ" ಎಂದು ಎರಡು ಪಟ್ಟಿ ಕೊಟ್ಟೆ.

ಅವರ ಕೈಯಲ್ಲಿದ್ದದ್ದು ಆರಿ. ಚಪ್ಪಲಿ ಹೊಲಿಯುವವರ ಕೈಯಲ್ಲಿ ಎಲ್ಲರೂ ನೋಡಿರುತ್ತಾರೆ, ಮರದ ಹಿಡಿಯಿಂದ ಹೊರಟ ಉಕ್ಕಿನ ಕಡ್ಡಿ, ತುದಿಗೆ ಸಣ್ಣ ಕೊಕ್ಕೆ. ಮೇಲಿನಿಂದ ಚುಚ್ಚಿ, ಕೆಳಗಿನಿಂದ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಮೇಲೆಳೆಯುವುದು. ಚಾಚಾ ಮಾತಾಡುತ್ತಲೇ ಹೊಲಿದರು. ಚಾ ತಣ್ಣಗಾಗುವ ಮೊದಲೇ ಪಟ್ಟಿ ನನ್ನ ಕೈಯಲ್ಲಿತ್ತು. ಮನೆಗೆ ತಂದು ಕೊಡ ಕಟ್ಟಿದೆ, ಎತ್ತಿ ಎತ್ತಿ ಬಿಟ್ಟೆ. ಜಪ್ಪಯ್ಯ ಎಂದರೂ ಹರಿಯಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಚಾಚಾರ ಹತ್ತಿರವೇ ಭುಜದ ಪಟ್ಟಿ ಹೊಲಿಸಿದೆ. ಹರಿದ ಅಂಚಿನ ಮೇಲೆ ಇನ್ನೊಂದು ತುಂಡು ಚರ್ಮ ಕೂರಿಸಿ, ಕಂಕುಳ ತನಕ ಅಗಲವಾಗಿ, ಗಟ್ಟಿಯಾಗಿ. ತಾಲೀಮಿಗೆ ಇನ್ನೂ ಸಮಯವಿತ್ತು, ಆದರೂ ನನಗೆ ತಡೆಯಲಾಗಲಿಲ್ಲ. ಒಮ್ಮೆ ಹಾಕಿ ನೋಡಿಬಿಡಲಿ ಎಂದು ಕವಚವನ್ನು ಚಾದರದಲ್ಲಿ ಸುತ್ತಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಆಕೆಯ ಮನೆ ಮಿಲ್ಲಿನ ಹಿಂದೆ. ಹೊಟ್ಟಿನ ಧೂಳು ಅಂಗಳದ ತುಳಸಿಯ ಮೇಲೂ ಕೂತಿತ್ತು. ಪಾಳಿ ಮುಗಿಸಿ ಬಂದಿದ್ದಳು. ಚಾ ಕೊಟ್ಟಳು. ಕುರ್ತಾದ ಮೇಲೆ ಕವಚ ತೊಟ್ಟು, "ಛಲೋ ಐತಿ ಅಕ್ಕ" ಎಂದಳು.

"ಹೊಡದಾಡೋದು ಮಾಡಿ ತೋರ್ಸು. ಬೀಳು, ಏಳು" ಎಂದೆ.

ಮಾಡಿದಳು. ಪಟ್ಟಿ ಅಲುಗಲಿಲ್ಲ. ಆದರೆ ಏಳುವಾಗ ಆಕೆಯ ಮುಖ ಬಿಗಿಯಿತು. ಎಡಗೈ ಪಕ್ಕೆಗೆ ಅಂಟಿಕೊಂಡೇ ಇತ್ತು. ತಾಲೀಮಿನಲ್ಲೂ ಹಾಗೇ ಇರುತ್ತಿತ್ತು, ನಿರ್ದೇಶಕರು ಎಷ್ಟೋ ಸಲ ಕೈ ಎತ್ತಮ್ಮಾ ಎಂದು ಬೈದಿದ್ದರು. ಕವಚ ಬಿಚ್ಚಿದಾಗ ತಿಳಿಹಳದಿ ಕುರ್ತಾದ ಮೇಲೆ, ಎಡಗಡೆ, ಕಂಕುಳ ಹತ್ತಿರ, ಕೆಂಪಗೆ ಒಂದು ಸಣ್ಣ ಕಲೆ.

"ಏನಿದು? ರಕ್ತ ಅಲ್ಲೇನ?"

"ಏನಿಲ್ರಿ, ಬಿಡ್ರಿ."

"ಏನಿಲ್ಲ ಅಂದ್ರ ರಕ್ತ ಎಲ್ಲಿಂದ ಬಂತು? ಒಳಗ ಏನರ ಚುಚ್ತೈತಾ? ತೋರಸು."

ಆಕೆ ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಗೋಡೆಯ ಕಡೆ ನೋಡುತ್ತ ಹೇಳಿದಳು, "ಎಡಗಡೆ ಎದಿ ತಗದಾರಕ್ಕ. ಹೋದ ವರ್ಷ. ಗಡ್ಡಿ ಆಗಿತ್ತು."

ನಾನು ಕೈಯಲ್ಲಿದ್ದ ಚಾದರವನ್ನು ಮಡಚಿದೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ.

"ನೀ ಕೊಟ್ಟಿದ್ದ ಕುಬಸ..."

"ಅದು ಮೊದಲಿಂದು. ಈಗಿನ ಅಳತಿ ಕೊಟ್ರ ನಿಮಗ ಗೊತ್ತಾಗ್ತಿತ್ತಲ್ಲ. ನೀವು ಸರ್‌ಗೆ ಹೇಳ್ತಿದ್ರಿ. ಅವ್ರು ಪಾಪ ಆರಾಮ ತಗೊಳ್ಳಮ್ಮ ಅಂತ ಮನಿಗೆ ಕಳಸ್ತಿದ್ರು. ಆರಾಮ ಸಾಕಾಗೇತಕ್ಕ ನನಗ."

"ಡಾಕ್ಟರ್ ಏನಂದಾರ?"

"ಹಾಡು, ಕುಣಿ, ಏನರ ಮಾಡು ಅಂದಾರ. ಆ ಕಡೆ ಭಾರ ಹೊರಬಾರ್ದು, ಅಲ್ಲಿ ಚರ್ಮ ಉಜ್ಜಬಾರ್ದು, ಅಷ್ಟ."

ಕುರ್ತಾ ಸರಿಸಿ ತೋರಿಸಿದಳು. ಎದೆಮೂಳೆಯ ಹತ್ತಿರದಿಂದ ಕಂಕುಳ ತನಕ ಅಡ್ಡಲಾಗಿ ಒಂದು ಗೆರೆ. ಅದರ ಸುತ್ತ ಚರ್ಮ ತೆಳ್ಳಗೆ, ಹೊಳಪಾಗಿ, ಈರುಳ್ಳಿಯ ಒಳಪದರದಂತಿತ್ತು. ಆ ಗೆರೆಯ ತುದಿಯಲ್ಲಿ, ಕಂಕುಳ ಹತ್ತಿರ, ಉಜ್ಜಿ ಕೆಂಪಾಗಿತ್ತು. ನಾನು ಕವಚವನ್ನು ತಿರುಗಿಸಿ ಒಳಮೈಯನ್ನು ಬೆರಳಿಂದ ಸವರಿದೆ. ಕೊಕ್ಕೆಯ ಆರಿಯ ಹೊಲಿಗೆ ಹೊರಗೆ ಎಷ್ಟು ನುಣುಪೋ ಒಳಗೆ ಅಷ್ಟೇ ಒರಟು. ಪ್ರತಿ ಹೊಲಿಗೆಗೂ ಒಂದೊಂದು ಗುಬುಟು, ಜೋಳದ ಕಾಳು ಸಾಲಾಗಿ ಅಂಟಿಸಿದ ಹಾಗೆ. ಚಪ್ಪಲಿಯಲ್ಲಿ ಅದು ಅಟ್ಟೆಯ ನಡುವೆ ಮುಚ್ಚಿಹೋಗುತ್ತದೆ. ಲಗಾಮಿನಲ್ಲಿ ಕುದುರೆಯ ಮೈಗೆ ತಾಗದ ಕಡೆ ಬರುತ್ತದೆ. ಇಲ್ಲಿ ಅದು ನೇರವಾಗಿ ಆ ಗೆರೆಯ ಮೇಲೆ ಕೂತಿತ್ತು.

ಇನ್ನೊಂದು ವಿಷಯವೂ ಆಗಲೇ ತಿಳಿಯಿತು. ನಾನು ಕವಚದ ಎರಡೂ ಕಡೆ ಸಮವಾಗಿ ಉಬ್ಬು ಕೊಟ್ಟಿದ್ದೆ. ಎಡಗಡೆ ಉಬ್ಬಿನ ಕೆಳಗೆ ಏನೂ ಇರಲಿಲ್ಲ. ಆ ಕಡೆಯ ತೂಕ ಎದೆಯ ಮೇಲೆ ಕೂರದೆ ಪೂರಾ ಭುಜದ ಪಟ್ಟಿಗೆ ಜೋತುಬೀಳುತ್ತಿತ್ತು. ಮೊದಲ ಸಲ ಹರಿದದ್ದೂ ಎಡಗಡೆಯೇ.

"ಸರ್‌ಗೆ ಹೇಳ್ತೀರೇನು?" ಎಂದು ಕೇಳಿದಳು.

"ನಾ ಯಾಕ ಹೇಳ್ಲಿ? ನಿನ್ನ ಮೈ, ನಿನ್ನ ಮಾತು" ಎಂದೆ. "ಆದ್ರ ಈ ಕವಚ ನೀ ಇನ್ನೊಮ್ಮೆ ಹಾಕ್ಕೊಳ್ಳಂಗಿಲ್ಲ. ಬ್ಯಾರೆ ಮಾಡ್ತೀನಿ."

"ಆಗ್ತೈತೇನಕ್ಕ?"

ಆಕೆಯ ಈಗಿನ ಅಳತೆ ತೆಗೆದುಕೊಳ್ಳುತ್ತ, ಆಗುತ್ತದೆ ಎಂದೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಕಾಲುವೆ, ಗದ್ದೆ, ಮತ್ತೆ ಕಾಲುವೆ ಹಾದುಹೋಗುತ್ತಿದ್ದವು, ನಾನು ಒಂದನ್ನೂ ನೋಡಲಿಲ್ಲ. ಒಳಗೆ ಮೆತ್ತನೆಯ ಅಸ್ತರಿ ಹಚ್ಚಿದರೆ? ಮನೆಗೆ ಬಂದವಳೇ ಒಂದು ತುಂಡಿಗೆ ಫ್ಲಾನೆಲ್ ಹಚ್ಚಿ, ಅದನ್ನು ನನ್ನ ಕುಬಸದೊಳಗೆ, ಪಕ್ಕೆಗೆ ಕಟ್ಟಿಕೊಂಡು ಕಸ ಗುಡಿಸಿದೆ, ಅಂಗಡಿಗೆ ಹೋಗಿಬಂದೆ, ಮಹಡಿ ಹತ್ತಿ ಇಳಿದೆ. ಬಳ್ಳಾರಿಯ ಬಿಸಿಲು. ಬೆವರಿಗೆ ಅಸ್ತರಿ ಒದ್ದೆಯಾಗಿ ಮುದುಡಿ ಒಂದು ಕಡೆ ಸೇರಿತು, ಗುಬುಟುಗಳು ಬಟ್ಟೆಯನ್ನು ದಾಟಿ ಚುಚ್ಚತೊಡಗಿದವು. ಬಿಚ್ಚಿ ನೋಡಿದರೆ ನನ್ನ ಗಟ್ಟಿ ಚರ್ಮದ ಮೇಲೇ ಚುಕ್ಕಿ ಚುಕ್ಕಿ ಕೆಂಪು. ಅಸ್ತರಿಯ ಮಾತು ಅಲ್ಲಿಗೆ ಬಿಟ್ಟೆ. ಹೊಲಿಗೆಯೇ ಒಳಗೂ ಹೊರಗೂ ಒಂದೇ ಥರ ಇರಬೇಕು. ಬೇರೆ ದಾರಿಯಿಲ್ಲ.

ಅಂಥ ಹೊಲಿಗೆ ಒಂದಿದೆ ಎಂದು ಗೊತ್ತಿತ್ತು. ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ. ತೂತಿನೊಳಗೆ ಎಡಗಡೆಯಿಂದ ಒಂದು, ಬಲಗಡೆಯಿಂದ ಇನ್ನೊಂದು ದಾಟಿಸಿ ಎರಡೂ ಕೈಯಿಂದ ಎಳೆಯುವುದು. ಗುಬುಟು ಇರುವುದಿಲ್ಲ, ಯಾವ ಕಡೆ ಒಳಗು, ಯಾವುದು ಹೊರಗು ಎಂದು ಹೇಳಲಾಗುವುದಿಲ್ಲ. ಒಂದು ಕಡೆ ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಗೊತ್ತಿತ್ತು, ಮಾಡಿರಲಿಲ್ಲ. ಅದಕ್ಕೆ ಕೊಕ್ಕೆಯಿಲ್ಲದ ಆರಿ ಬೇಕು.

ಮತ್ತೆ ಚಾಚಾ. ಈ ಸಲ ಅವರಿಗೆ ಸಿಟ್ಟು ಬಂತು.

"ಏನಾತು ನನ್ನ ಹೊಲಿಗಿಗೆ? ಹರೀತಾ?"

"ಹರದಿಲ್ಲ ಚಾಚಾ. ಒಳಗ ಚುಚ್ತೈತಿ. ಹಾಕ್ಕೊಳ್ಳಾಕಿ ಮೈ ನಾಜೂಕೈತಿ."

"ನಾಜೂಕ ಮೈಯಾಕಿ ಲಡಾಯಿಗೆ ಯಾಕ ಹೊಂಟಾಳ?" ಎಂದರು. ಕೊಕ್ಕೆಯಿಲ್ಲದ ಆರಿ ಕೊಡ್ರಿ ಎಂದೆ. ಅವರು ನನ್ನ ಮುಖ ನೋಡಿ, ಗೊಣಗುತ್ತ ತಗಡಿನ ಡಬ್ಬಿಯೊಂದನ್ನು ಹೊರಗೆಳೆದು ನನ್ನ ಮುಂದೆ ಸುರುವಿದರು. ಕೊಕ್ಕೆಯಿಲ್ಲದವು ನಾಲ್ಕಾರು ಇದ್ದವು. ಒಂದರ ಕಡ್ಡಿ ದುಂಡಗೆ, ಒಂದು ಚಪ್ಪಟೆ, ಒಂದು ತುದಿ ಬಾಗಿದ್ದು. ಅವರು ಎತ್ತಿಕೊಟ್ಟದ್ದು ಎಲ್ಲಕ್ಕಿಂತ ದಪ್ಪದ ದುಂಡನೆಯದು, ದಪ್ಪ ದಾರಕ್ಕೆ ಅದೇ ಸರಿ ಎಂದರು. ನಾನು ಒಂದೊಂದರಿಂದಲೂ ಅಲ್ಲೇ ತುಂಡಿನ ಮೇಲೆ ಚುಚ್ಚಿ ನೋಡಿದೆ. ದುಂಡನೆಯದು ಚರ್ಮವನ್ನು ತಳ್ಳಿ ಸುತ್ತ ದಿಬ್ಬ ಎಬ್ಬಿಸುತ್ತಿತ್ತು. ಆ ದಿಬ್ಬವೂ ಉಜ್ಜುತ್ತದೆ. ಚಪ್ಪಟೆಯದು ಸೀಳಿಬಿಡುತ್ತಿತ್ತು. ಡಬ್ಬಿಯ ತಳದಲ್ಲಿ ಇನ್ನೊಂದಿತ್ತು, ತುಕ್ಕು ಹಿಡಿದದ್ದು. ಅದು ಮಾಡಿದ ತೂತು ಕಾಜು ಬರ್ಫಿಯ ಆಕಾರದ್ದು, ಆದರೆ ತೀರ ಸಣ್ಣದು. ಅದನ್ನು ಓರೆಯಾಗಿ ಹಿಡಿದು ಸಾಲಾಗಿ ಚುಚ್ಚಿದರೆ ಒಂದು ತೂತಿನ ಮೂಲೆ ಮುಂದಿನದರ ಮೂಲೆಗೆ ಎದುರಾಗುವುದಿಲ್ಲ, ಹರಿಯಲು ನೇರ ದಾರಿ ಸಿಗುವುದಿಲ್ಲ. ಒದ್ದೆ ಮಾಡಿ ಮರದ ಸುತ್ತಿಗೆಯಿಂದ ತಟ್ಟಿದರೆ ಚರ್ಮ ದಾರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

"ಅದು ನಮ್ಮಪ್ಪಂದು. ಯಾರೂ ವಾಪರಸಂಗಿಲ್ಲ. ಒಯ್ಯಿ" ಎಂದರು ಚಾಚಾ, ಇನ್ನೂ ಸಿಟ್ಟಿನಲ್ಲೇ.

ಅದೂ ಹಾಗೇ ಬಳಸುವಂತಿರಲಿಲ್ಲ. ಕವಚದ ಚರ್ಮಕ್ಕೆ ಒಂಚೂರು ದಪ್ಪವೇ. ಸಾಣೆಗೆ ಹಿಡಿದು, ನೀರು ಬಿಟ್ಟು ಬಿಟ್ಟು, ಅಂಚುಗಳು ಮಾಯವಾಗದಂತೆ ಸಣ್ಣ ಮಾಡಿದೆ. ಹಿಡಿ ದೊಡ್ಡ ಕೈಯವರದು. ವರ್ಷಗಟ್ಟಲೆ ಡೆನಿಮ್ ಕತ್ತರಿಸಿ ನನ್ನ ಹೆಬ್ಬೆರಳ ಬುಡ ಮೊದಲೇ ನೋಯುತ್ತಿತ್ತು. ಹಿಡಿಗೆ ಜೀನ್ಸಿನ ಪಟ್ಟಿ ಸುತ್ತಿದೆ, ಅಂಗೈಗೆ ಊರಿಕೊಳ್ಳಲು ಬಂತು. ಸೂಜಿಗಳನ್ನು ಮೊಂಡು ಮಾಡಬೇಕಿತ್ತು, ಚೂಪಾಗಿದ್ದರೆ ಒಳಗೆ ದಾಟುವಾಗ ಮೊದಲ ದಾರವನ್ನೇ ಸೀಳುತ್ತವೆ. ಕಲ್ಲಿಗೆ ತಿಕ್ಕಿ ತುದಿ ದುಂಡಗೆ ಮಾಡಿದೆ. ಜೀವಮಾನವಿಡೀ ಸೂಜಿಗೆ ಚೂಪು ಹುಡುಕಿದವಳು ಸೂಜಿಯನ್ನು ಮೊಂಡು ಮಾಡುತ್ತ ಕೂತಿದ್ದೆ. ದಾರಕ್ಕೆ ನೈಲಾನ್ ಬೇಡವೆನಿಸಿತು, ಜಗ್ಗಿದಾಗ ಅದು ಚರ್ಮವನ್ನೇ ಕೊಯ್ಯುತ್ತದೆ. ಪುಸ್ತಕ ಬೈಂಡಿಂಗ್ ಮಾಡುವವರ ಹತ್ತಿರ ನಾರಿನ ದಾರ ಸಿಕ್ಕಿತು, ಜೇನುಮೇಣ ತಿಕ್ಕಿ ತಿಕ್ಕಿ ಕಂದಾಗಿಸಿದೆ. ಎರಡೂ ಕೈ ಖಾಲಿ ಇರಬೇಕಾದ್ದರಿಂದ ಎರಡು ಹಲಗೆಗಳನ್ನು ತಳದಲ್ಲಿ ಜೋಡಿಸಿ, ಮೊಣಕಾಲ ನಡುವೆ ಒತ್ತಿ ಹಿಡಿಯುವ ಒಂದು ಇಕ್ಕಳ ಮಾಡಿಸಿದೆ.

ಹೊಸ ಪಟ್ಟಿ ಹೊಲಿದು ಕೊಡ ತೂಗಿದೆ. ತಡೆಯಿತು. ಅದನ್ನೇ ಪಕ್ಕೆಗೆ ಕಟ್ಟಿಕೊಂಡು ಮನೆಕೆಲಸ ಮಾಡಿದೆ. ಮಧ್ಯಾಹ್ನ ಬಿಚ್ಚಿದಾಗ ಚಾಪೆಯ ಗುರುತಿನಷ್ಟು ತೆಳುವಾದ ಗೆರೆ, ಅಷ್ಟೇ. ಆದರೂ ಸಮಾಧಾನವಾಗಲಿಲ್ಲ. ಒಳಗಡೆ ದಾರ ಕೂರುವ ಜಾಗದಲ್ಲಿ ಸಣ್ಣ ಕಾಲುವೆ ಕೊರೆದು, ದಾರ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುವಂತೆ ಮಾಡಿದೆ. ಕೆನ್ನೆಗೆ ಉಜ್ಜಿ ನೋಡಿದೆ. ಆಗ ಗೊತ್ತಾಗಲಿಲ್ಲ, ಹೊಲಿಗೆ ಎಲ್ಲಿದೆ ಎಂದು.

ಉಪಕರಣ ಸಿದ್ಧವಾಗಿತ್ತು. ಚರ್ಮ ಇರಲಿಲ್ಲ.

ಎಡಭಾಗವನ್ನು ಹೊಸದಾಗಿ, ಉಬ್ಬಿಲ್ಲದೆ, ಆಕೆಯ ಈಗಿನ ಮೈಗೆ ಕತ್ತರಿಸಬೇಕು. ನನ್ನ ಹತ್ತಿರ ಉಳಿದದ್ದು ಎಮ್ಮೆಯ ಹೊಟ್ಟೆಭಾಗದ ತುಂಡು, ಜಗ್ಗಿದರೆ ರಬ್ಬರಿನಂತೆ ಹಿಗ್ಗುವಂಥದು. ಮರದ ತೊಗಟೆಯಲ್ಲಿ ಹದ ಮಾಡಿದ ಅಂಥ ದಪ್ಪ ಚರ್ಮ ಹೊರಗಿನಿಂದ ತರಿಸಿಕೊಳ್ಳಲು ಸಮಯವಿರಲಿಲ್ಲ. ಕೋಣೆಯಲ್ಲಿ ಆಚೆಯಿಂದ ಈಚೆ ನಡೆದೆ. ಒಳ್ಳೆಯ ಚರ್ಮ ಇದ್ದದ್ದು ಒಂದೇ ಕಡೆ, ಕವಚದ ಬೆನ್ನಿನಲ್ಲಿ. ಕುರುಗೋಡಿನ ಹಳೆಯ ಗುಡಿಯ ಕಂಬದಲ್ಲಿ ಕೆತ್ತಿದ ವೀರನನ್ನು ನೋಡಿ ನಿರ್ದೇಶಕರು ಬೆನ್ನಿಗೆ ಬಳ್ಳಿಯ ಚಿತ್ತಾರ ಬೇಕೆಂದಿದ್ದರು, ನಾನು ಅದನ್ನು ದಿನಗಟ್ಟಲೆ ಕುಟ್ಟಿ ಕುಟ್ಟಿ ಮೂಡಿಸಿದ್ದೆ. ಇಡೀ ಕವಚದಲ್ಲಿ ನನಗೆ ಹೆಮ್ಮೆಯಿದ್ದ ಭಾಗ ಅದೊಂದೇ.

ರಂಪಿಯನ್ನು, ಅಂದರೆ ಚರ್ಮ ಕೊಯ್ಯುವ ಅಗಲ ಅಲಗನ್ನು, ಕಲ್ಲಿಗೆ ಮಸೆದೆ. ಬೆನ್ನಿನ ಭಾಗವನ್ನು ಮೇಜಿನ ಮೇಲಿಟ್ಟೆ. ಎತ್ತಿಟ್ಟೆ. ಹೊರಗೆ ಹೋಗಿ ನೀರು ಹಿಡಿದು ಬಂದೆ. ಮತ್ತೆ ಇಟ್ಟೆ. ಕೊಯ್ದ ಮೇಲೆ ಜೋಡಿಸಲು ಆಗುವುದಿಲ್ಲ. ಆಕೆ ಗೋಡೆಯ ಕಡೆ ನೋಡುತ್ತ ಹೇಳಿದ್ದು ನೆನಪಾಯಿತು, ಆರಾಮ ಸಾಕಾಗೇತಕ್ಕ. ಬಳ್ಳಿಯ ನಡುವೆಯೇ ಅಲಗು ಇಳಿಸಿದೆ. ಚಿತ್ತಾರದ ಮೈಯನ್ನು ಒಳಗೆ ಮಾಡಿದರೆ ಅದೂ ಒತ್ತುತ್ತದೆಂದು ನೀರಲ್ಲಿ ನೆನೆಸಿ, ಗಾಜಿನ ಬಾಟಲಿಯಿಂದ ಉಜ್ಜಿ ಚಿತ್ತಾರವನ್ನು ಅಳಿಸಿ, ಹೊರಮೈ ಮಾಡಿದೆ.

ಭುಜದ ಹೊಲಿಗೆಯನ್ನು ಮುಂದಿನಿಂದ ಬೆನ್ನ ಕಡೆ ಸರಿಸಿದೆ. ಕಂಕುಳ ಪಕ್ಕದ ಹೊಲಿಗೆಯನ್ನೇ ತೆಗೆದುಹಾಕಿ ಅಲ್ಲಿ ಚರ್ಮವನ್ನು ಚಂದ್ರಾಕಾರ ಕೊಯ್ದು ಬಿಟ್ಟೆ. ತೂಕವೆಲ್ಲ ಸೊಂಟದ ಅಗಲ ಪಟ್ಟಿಯ ಮೇಲೆ ಕೂರುವಂತೆ ಮಾಡಿದೆ. ಭುಜದ್ದು ಹೆಸರಿಗೆ ಮಾತ್ರ. ಉಳಿದ ಒಂದೇ ಕಷ್ಟದ ಹೊಲಿಗೆ ಎದೆಮೂಳೆಯ ಮೇಲೆ, ಎಡ ಬಲ ಕೂಡುವಲ್ಲಿ. ಅದನ್ನು ಹೊಲಿಯುವಾಗ ಚುಚ್ಚು, ಎಡಸೂಜಿ, ಬಲಸೂಜಿ, ಎಳೆ, ಇಷ್ಟೇ ಲೋಕ. ಹೆಬ್ಬೆರಳು ಉರಿಯುತ್ತಿತ್ತು. ಆದರೆ ಎಷ್ಟೋ ದಿನಗಳ ಮೇಲೆ ಅಂದು ನಾನು ಒಂದೇ ಕಡೆ ಕೂತಿದ್ದೆ. ಬೆನ್ನಿಗೆ ಚರ್ಮವಿರಲಿಲ್ಲ. ಅಡ್ಡ ಉದ್ದ ನಾಲ್ಕು ಪಟ್ಟಿ ಮಾತ್ರ.

ಕೊನೆಯ ತಾಲೀಮಿನ ದಿನ ಕುರುಗೋಡಿನಲ್ಲಿ ಸೇನಾಪತಿ ಕವಚ ತೊಟ್ಟು ಬಂದಾಗ ನಿರ್ದೇಶಕರು ಮುಂದಿನಿಂದ ನೋಡಿ ತಲೆದೂಗಿದರು. ಸುತ್ತು ಹೊಡೆದು ಹಿಂದೆ ಹೋದವರು ಅಲ್ಲೇ ನಿಂತರು.

"ಬೆನ್ನ ಎಲ್ಲಿ? ಅಕ್ಕಾರ, ಬಳ್ಳಿ ಎಲ್ಲಿ?"

"ಕೊಯ್ದೆ ಸರ್."

"ಕೊಯ್ದೆ ಅಂದ್ರ? ಕಡೀ ಸೀನಿನ್ಯಾಗ ಆಕಿ ಮಂದಿಗೆ ಬೆನ್ನ ಮಾಡಿ ಕೋಟಿ ಬಾಗಲ ಕಡೆ ಹೋಗೋದೈತಿ. ಅದಕ್ಕಂತ ಬೆಳಕು ಸೆಟ್ ಮಾಡೇನಿ. ಈಗ ಪಟ್ಟಿ ತೋರಸ್ಕೊಂಡು ಹೋಗ್ಲೇನು? ಯಾಕ ಕೊಯ್ದ್ರಿ?"

ನನ್ನ ಹತ್ತಿರ ಹೇಳಬಹುದಾದ ಕಾರಣ ಇರಲಿಲ್ಲ, ಇದ್ದದ್ದು ನನ್ನದಲ್ಲ. ಚರ್ಮ ಸಾಲಲಿಲ್ಲ ಎಂದೆ. ಅವರ ದನಿ ಏರಿತು. ಮೇಳದವರು ತಾಳ ನಿಲ್ಲಿಸಿದರು. ಇಷ್ಟು ಖರ್ಚಿನ ಕೆಲಸವನ್ನು ನಿಮ್ಮ ಕೈಗೆ ಕೊಟ್ಟದ್ದೇ ನನ್ನ ತಪ್ಪು ಎನ್ನುವ ತನಕ ಮಾತು ಹೋಯಿತು. ನಾನು ಚೀಲದ ಬಾಯಿ ಬಿಗಿಯುತ್ತ ನಿಂತಿದ್ದೆ, ಹೊರಟುಬಿಡಲೇ ಎಂದು.

"ಸರ್" ಎಂದಳು ಸೇನಾಪತಿ. "ಸೇನಾಪತಿ ಯಾಕ ಬೆನ್ನ ತೋರಸ್ಬೇಕು?"

ಅವರು ಆಕೆಯ ಕಡೆ ತಿರುಗಿದರು.

"ಲಡಾಯಿ ಗೆದ್ದಾಕಿ ಅದೀನಿ. ಮಂದೀನ ನೋಡಿಕೋತ ಹಿಂದ್ ಹಿಂದಕ್ಕ ಹೆಜ್ಜಿ ಇಟ್ಟು ಕೋಟಿ ಒಳಗ ಹೋಗ್ತೀನಿ. ಎದಿ ಕಾಣ್ಲಿ." ನನ್ನ ಕಡೆ ಕೈ ತೋರಿಸಿ ಹೇಳಿದಳು, "ಅಕ್ಕಾರಿಗೆ ಬೈಬ್ಯಾಡ್ರಿ. ನನ್ನ ಸಲುವಾಗಿ ಕೊಯ್ದಾರ. ನನಗ ಎಡಗಡೆ ಎದಿ ಇಲ್ರಿ ಸರ್, ಆಪರೇಶನ್ ಆಗೇತಿ. ಮೊದಲಿಂದು ಚುಚ್ತಿತ್ತು. ಇದು ಚುಚ್ಚಂಗಿಲ್ಲ."

 ನಿರ್ದೇಶಕರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅವರು ಆರಾಮ ತಗೊಳ್ಳಮ್ಮ ಎನ್ನುತ್ತಾರೇನೋ ಎಂದು ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡರು.

"ಹಿಂದಕ್ಕ ಹೆಜ್ಜಿ ಇಡೋದು ಸರಳಲ್ಲ. ಸೆರಗು, ಕತ್ತಿ ಕಾಲಿಗೆ ಸಿಕ್ಕೊಂತಾವು. ಬಾ, ಈಗ ಮಾಡಿ ನೋಡೂಣು" ಎಂದರು. ಮೇಳದವರಿಗೆ, "ಏ, ಹೊಡೀರಿ ತಾಳ" ಎಂದರು.  ತಾಲೀಮು ಮುಗಿದ ಮೇಲೆ ನನ್ನ ಚೀಲವನ್ನು ಬಸ್ಸಿನ ತನಕ ಅವರೇ ಹೊತ್ತು ತಂದರು.

ಸಿರುಗುಪ್ಪದಲ್ಲಿ ಪ್ರದರ್ಶನ ಕಾಲೇಜು ಮೈದಾನದಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ, ಸೊಂಟದ ಚೀಲದಲ್ಲಿ ಆರಿ, ಎರಡು ಸೂಜಿ, ಮೇಣ ಹಚ್ಚಿದ ದಾರ. ಆಕೆ ಬೀಳುವ ದೃಶ್ಯ ಬಂದಾಗ ನಾನು ವೇದಿಕೆಯನ್ನು ನೋಡಲಿಲ್ಲ, ಕಣ್ಣುಮುಚ್ಚಿ ಸದ್ದಿಗೆ ಕಿವಿಗೊಟ್ಟೆ. ಹಲಗೆಗೆ ಮೊಣಕಾಲು ಬಡಿದ ಸದ್ದು. ಬಳೆಯ ಸದ್ದು. ಮದ್ದಳೆ. ಬೇರೇನೂ ಇಲ್ಲ. ಕಣ್ಣು ಬಿಟ್ಟಾಗ ಆಕೆ ಎದ್ದು ನಿಂತು, ಎರಡೂ ಕೈಯಲ್ಲಿ ಕತ್ತಿಯನ್ನು ತಲೆಯ ಮೇಲೆ ಎತ್ತಿದ್ದಳು. ಕೊನೆಯಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಕೋಟೆಯ ಬಾಗಿಲು ದಾಟಿದಳು. ಮಂದಿ ಎದ್ದು ನಿಂತಿದ್ದರು.

ಬಣ್ಣದ ಕೋಣೆಗೆ ಮಿಲ್ಲಿನ ಹೆಂಗಸರ ಗುಂಪೇ ನುಗ್ಗಿತು. ಕವಚವನ್ನು ಮುಟ್ಟಿದರು, ಬೆರಳಗಂಟಿನಿಂದ ಕುಟ್ಟಿದರು. ಒಬ್ಬಾಕೆ ಕೇಳಿದಳು, "ಅಬ್ಬೋ, ಭಾರ ಆಗಂಗಿಲ್ಲೇನ ನಿನಗ?"

"ಒಂದು ಕಡೆ ಹಗುರದೀನಲ್ಲ, ಸರಿಹೋತು" ಎಂದಳು ಸೇನಾಪತಿ.

ಗೊತ್ತಿದ್ದವರು ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಆಕೆಯೇ. ಆಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಅವರು ಹೊರಗೆ ಹೋದ ಮೇಲೆ ಕವಚದೊಳಗೆ ಆಕೆಯ ಚರ್ಮ ಹೇಗಿದೆ ಎಂದು ನೋಡಬೇಕೆಂದು ನಾನು ಬಕಲ್ಲಿಗೆ ಕೈ ಹಾಕಿದೆ. "ಏನೂ ಆಗಿಲ್ಲಕ್ಕ" ಎಂದಳು. ಆದರೂ ನೋಡಿದೆ, ಪಟ್ಟಿ ಸಡಿಲಿಸಿ, ಮೊಬೈಲಿನ ಬೆಳಕಲ್ಲಿ. ಬೆವರಿತ್ತು. ಎದೆಮೂಳೆಯ ಮೇಲೆ ಕಂಡೂ ಕಾಣದ ಒಂದು ಗೆರೆ. ಕೆಂಪಿರಲಿಲ್ಲ. ಮತ್ತೆ ಪಟ್ಟಿ ಬಿಗಿ ಮಾಡ್ರಿ, ಹಸಿವಾಗೇತಿ, ಬಿಚ್ಚೂದು ಆಮ್ಯಾಲೆ ಎಂದಳು.

ಮೈದಾನದ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಬಜ್ಜಿ. ಕವಚ ತೊಟ್ಟ ಹೆಂಗಸು ಮಿರ್ಚಿ ತಿನ್ನುವುದನ್ನು ನೋಡಲು ಬಸ್ಸಿಗೆ ಕಾದವರೂ ಬಂದು ನಿಂತರು. ಆಕೆ ಬಿಸಿ ಮಿರ್ಚಿಯನ್ನು ಊದಿ ಕಚ್ಚಿದಳು. ಎಣ್ಣೆಯ ಒಂದು ಹನಿ ಜಾರಿ ಕವಚದ ಎಡಗಡೆ ಬಿತ್ತು. ಚರ್ಮಕ್ಕೆ ಎಣ್ಣೆ ಇಳಿದರೆ ಕಲೆ ಏನು ಮಾಡಿದರೂ ಹೋಗುವುದಿಲ್ಲ. ನಾನು ಸೆರಗಿನ ತುದಿ ಹಿಡಿದು ಒರೆಸಲು ಮುಂದಾದೆ.

"ಬಿಡ್ರಿ ಅಕ್ಕ, ತಿನ್ರಿ, ಆರ್ತೈತಿ" ಎಂದು ತನ್ನ ಪೇಪರಿನಿಂದ ಒಂದು ಮಿರ್ಚಿ ಎತ್ತಿ ನನ್ನ ಕೈಗೆ ಕೊಟ್ಟಳು. ಕಲೆ ನಿಧಾನಕ್ಕೆ ಹರಡುತ್ತಿತ್ತು. ನಾನು ಮಿರ್ಚಿ ತಿಂದೆ.